ನಾನೂರ ಐವತ್ತು ಗ್ರಾಂ

ಫ್ರಿಜ್ ಭಾವನ ಬಳಿ ತಕ್ಕಡಿ ಇರಲಿಲ್ಲ. ಗ್ಯಾಸ್ ಸಿಲಿಂಡರ್ ಇತ್ತು, ಒತ್ತಡ ತೋರಿಸುವ ಮೀಟರ್ ಇತ್ತು, ವ್ಯಾಕ್ಯೂಮ್ ಪಂಪ್ ಇತ್ತು, ಹಳೇ ಗ್ಯಾಸನ್ನು ವಾಪಸ್ ಹೀರಿಕೊಳ್ಳುವ ಯಂತ್ರವೂ ಇತ್ತು. ಇಪ್ಪತ್ತೆರಡು ವರ್ಷ ಮನೆಮನೆಯ ಫ್ರಿಜ್‌ಗಳಿಗೆ ಗ್ಯಾಸ್ ತುಂಬಿದವನು. ಪೈಪಿನ ಮೇಲೆ ಹೆಬ್ಬೆರಳಿಟ್ಟು, ಅದು ಬೆವರಿದ ಕೂಡಲೇ ವಾಲ್ವ್ ಮುಚ್ಚುವುದು ಅವನ ಪದ್ಧತಿ. ತಕ್ಕಡಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಅದೇ ಹೆಬ್ಬೆರಳನ್ನು ಎತ್ತಿ ತೋರಿಸುತ್ತಿದ್ದ.

ತಕ್ಕಡಿ ಇದ್ದದ್ದು ನಾದಿನಿಯ ಬಳಿ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಅವಳು ಕೇಕ್ ಮಾಡುತ್ತಿದ್ದಳು. ಚಿಟಿಕೆ ಉಪ್ಪನ್ನೂ ತೂಗಿಯೇ ಹಾಕುವವಳು. ಆ ತಕ್ಕಡಿಯನ್ನು ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಂದು ಸಂಜೆ ಐದಕ್ಕೆ ಅವಳ ಮೊದಲ ಮದುವೆ ಕೇಕ್ ನಲವತ್ತು ಕಿಲೋಮೀಟರ್ ದೂರದ ಸಭಾಂಗಣ ತಲುಪಬೇಕಿತ್ತು. ಮೂರು ಅಂತಸ್ತು, ಮೈತುಂಬ ಬೆಣ್ಣೆಯ ಕ್ರೀಮು, ಅಂಚಿಗೆ ಸಕ್ಕರೆ ಗುಲಾಬಿ. ಹೊರಗೆ ಕೆಂಡದಂಥ ಬಿಸಿಲು. ಮನೆಯ ಕಾರಿನ ಎ.ಸಿ. ಒಂದು ವಾರದಿಂದ ಬಿಸಿಗಾಳಿ ಉಗುಳುತ್ತಿತ್ತು.

"ಗ್ಯಾರೇಜಿನವನು ನಾಳೆ ಬಾ ಅಂತಾನೆ. ನಿಮ್ಮ ಕೈಲಿ ಆಗುತ್ತಾ ಭಾವ?"

"ಕಾರು ಅಂದ್ರೇನಮ್ಮ? ಚಕ್ರ ಇರೋ ಫ್ರಿಜ್ಜು."

ಶೆಡ್ಡಿನಲ್ಲಿ ಬಾನೆಟ್ ಎತ್ತಿ, ಕನ್ನಡಕ ಕೈಗವಸು ಹಾಕಿಕೊಂಡು ಕೀಲುಕೀಲಿಗೂ ಸೋಪಿನ ನೀರು ಬಳಿದ. ಗ್ಯಾಸ್ ತುಂಬುವ ಬಾಯಿಯಲ್ಲೇ ಗುಳ್ಳೆ ಎದ್ದವು; ಸೋರುತ್ತಿದ್ದದ್ದು ಅಲ್ಲೇ. ಉಳಿದಿದ್ದ ಗ್ಯಾಸನ್ನು ಹೀರಿ ತೆಗೆದು, ಒಳಗಿನ ಪಿನ್ ಬದಲಾಯಿಸಿ, ಪಂಪ್ ಹಚ್ಚಿ ಗಾಳಿ ತೇವ ಎಲ್ಲ ಎಳೆದ. ಅಲ್ಲಿಯವರೆಗೆ ಕೆಲಸ ಅಚ್ಚುಕಟ್ಟು. ಆಮೇಲೆ ಎಂಜಿನ್ ಚಾಲೂ ಮಾಡಿ, ಎ.ಸಿ. ಪೂರ್ತಿ ತಿರುಗಿಸಿ, ಒಂದು ಕೈಯ ಗವಸು ಕಳಚಿ ಪೈಪಿನ ಮೇಲೆ ಹೆಬ್ಬೆರಳಿಟ್ಟ.

ನಾದಿನಿ ಕಿಟಕಿಯಿಂದ ಬಗ್ಗಿದಳು. "ಬಾನೆಟ್ ಒಳಗೆ ಚೀಟಿ ಅಂಟಿಸಿದಾರಲ್ಲ, ಓದಿದ್ರಾ?"

"ಚೀಟಿ ಓದಿ ಕೆಲಸ ಮಾಡೋನಲ್ಲ ನಾನು."

"ಮದುವೆ ಪತ್ರಿಕೆ ಓದದೆ ಬೇರೆ ಯಾರದೋ ಮದುವೆಗೆ ಕರ್ಕೊಂಡು ಹೋಗಿದ್ರು," ಎಂದಳು ಒಳಗಿನಿಂದ ಅವನ ಹೆಂಡತಿ.

"ಊಟ ಚೆನ್ನಾಗಿತ್ತು ತಾನೇ?"

ಪೈಪು ಬೇಗ ಬೆವರಲಿಲ್ಲ. ಫ್ರಿಜ್ಜಿನ ಪಕ್ಕದಲ್ಲಿ ಕುದಿಯುವ ಎಂಜಿನ್ ಇರುವುದಿಲ್ಲ; ಇಲ್ಲಿ ಇತ್ತು. ಹೆಬ್ಬೆರಳಿಗೆ ಅದೇನು ಗೊತ್ತು? ಇನ್ನೂ ಸಾಲದು ಎಂದಿತು. ಭಾವ ಇನ್ನೂ ತುಂಬಿದ. ಮೀಟರಿನ ಮುಳ್ಳು ಏರುತ್ತಿದ್ದದ್ದು ಕಣ್ಣಿಗೆ ಬಿತ್ತು, ಬಿದ್ದರೂ ಬಿಟ್ಟ.

ಕೊನೆಗೆ ಗಾಳಿ ತಣ್ಣಗೆ ಬಂತು. ನಾದಿನಿ ಖುಷಿಯಲ್ಲಿ ಮೇಲಿನ ಅಂತಸ್ತನ್ನು ತಂದು ಹಿಂದಿನ ಸೀಟಿನಲ್ಲಿಟ್ಟಳು. ಒಂದು ಸುತ್ತು ಓಡಿಸಿ ನೋಡಿಯೇ ಮಿಕ್ಕದ್ದು ಇಡೋಣ ಎಂದ ಭಾವ. ಮೂರನೇ ತಿರುವಿನಲ್ಲಿ ಗಾಳಿ ಬೆಚ್ಚಗಾಯಿತು. ಸಿಗ್ನಲ್ಲಿನಲ್ಲಿ ಬಿಸಿಯಾಯಿತು. ಗ್ಯಾಸ್ ಹೆಚ್ಚಾಗಿ, ಒತ್ತಡ ಏರಿ, ಕಂಪ್ರೆಸರ್ ತಾನೇ ನಿಂತುಬಿಟ್ಟಿತ್ತು. ಹಿಂದೆ ಕೇಕಿನ ಅಂಚು ಮೆಲ್ಲಗೆ ಜಾರುತ್ತಿತ್ತು.

"ಮನೆಗೆ ತಿರುಗಿಸಿ," ಎಂದಳು ನಾದಿನಿ. ಬೈಯಲಿಲ್ಲ. ಬೈದಿದ್ದರೆ ಭಾವನಿಗೆ ಹಗುರವಾಗುತ್ತಿತ್ತು.

ಮನೆಗೆ ಬಂದವಳೇ ಕೇಕನ್ನು ಫ್ರಿಜ್ಜಿಗಿಟ್ಟು, ಒದ್ದೆ ಬಟ್ಟೆ ತಂದು ಬಾನೆಟ್ಟಿನ ಚೀಟಿ ಒರೆಸಿದಳು. ಜಿಡ್ಡಿನ ಕೆಳಗೆ ಅಕ್ಷರ ಕಂಡಿತು: ಗ್ಯಾಸ್ 450 ಗ್ರಾಂ. ಒಳಗೆ ಹೋದಳು. ತಕ್ಕಡಿ ಹಿಡಿದು ಹೊರಗೆ ಬಂದಳು.

ಭಾವ ಯಂತ್ರ ಹಚ್ಚಿ ಗ್ಯಾಸನ್ನೆಲ್ಲ ವಾಪಸ್ ಹೀರಿದ. ಎಷ್ಟು ಬಂತೆಂದು ಅವಳು ತೂಗಿದಳು. ಏಳುನೂರ ಹತ್ತು.

"ಕಾರಿಗೇನು ಬಾಣಂತನ ಮಾಡ್ತಿದ್ರಾ ಭಾವ? ಇಷ್ಟು ತಿನ್ಸಿದೀರಾ!"

ಮತ್ತೆ ಪಂಪ್. ಅವಳು ಅಷ್ಟರಲ್ಲಿ ಕೇಕಿನ ಅಂಚು ಕೆತ್ತಿ, ಹೊಸ ಕ್ರೀಮು ಬಳಿದಳು. ಆಮೇಲೆ ಸಿಲಿಂಡರನ್ನು ತಕ್ಕಡಿ ಮೇಲೆ ಕೂರಿಸಿ ಸೊನ್ನೆ ಒತ್ತಿದಳು. ವಾಲ್ವ್ ತೆರೆದ ಭಾವನ ಕೈ ತಾನಾಗಿ ಪೈಪಿನತ್ತ ಹೋಯಿತು.

"ಕೈ ತೆಗೀರಿ. ತೂಗೋದು ತಕ್ಕಡಿ, ಹೆಬ್ಬೆರಳಲ್ಲ."

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವನು ಅಂಕಿಗಳನ್ನೇ ನೋಡುತ್ತ ನಿಂತ. ನಾನೂರ ನಲವತ್ತು. ನಲವತ್ತೈದು.

"ಈಗ," ಎಂದಳು. ಅವನು ವಾಲ್ವ್ ಮುಚ್ಚಿದ. ಹತ್ತು ನಿಮಿಷ ಕಾದರು. ಗಾಳಿ ತಣ್ಣಗೇ ಇತ್ತು.

ದಾರಿಯುದ್ದಕ್ಕೂ ಅವನು ಮೊಟ್ಟೆಯ ಬುಟ್ಟಿ ಹೊತ್ತವನಂತೆ ಕಾರು ಓಡಿಸಿದ. ಹಿಂದೆ ಸ್ವೆಟರ್ ಹಾಕಿಕೊಂಡು ಕೂತ ನಾದಿನಿ ಕೇಕಿನ ಹಲಗೆ ಹಿಡಿದಿದ್ದಳು. ಐದಕ್ಕೆ ಎಂಟು ನಿಮಿಷ ಇರುವಾಗ ಮೂರೂ ಅಂತಸ್ತು ಮೇಜಿನ ಮೇಲೆ ನಿಂತವು. ಕೆತ್ತಿದ ಬದಿಯನ್ನು ಅವಳು ಗೋಡೆಯತ್ತ ತಿರುಗಿಸಿದಳು.

ನಷ್ಟವಾದದ್ದು ಎರಡು ಬೆರಳಗಲ ಕೇಕು, ಮೂರು ಸಕ್ಕರೆ ಗುಲಾಬಿ, ಒಂದೂವರೆ ಗಂಟೆ.