ಹುಣಸೆಮರದ ಎಡಗಡೆಯ ದಿಬ್ಬ

ಗೋವಿಂದರಾಜನಗರದ ಅಂಚಿನಲ್ಲಿ ಪಾಳುಬಿದ್ದ ರುದ್ರಭೂಮಿಯನ್ನು ಉದ್ಯಾನವನ್ನಾಗಿಸುವುದೆಂದು ನಿಶ್ಚಯವಾದಾಗ, ಸಮಾಧಿಗಳ ಪಟ್ಟಿ ಬರೆಯುವ ಕೆಲಸವನ್ನು ಬಡಾವಣೆಯ ಸಮಿತಿ ನನಗೆ ವಹಿಸಿತು. ಮನೆಯವರು ಬಂದು ಗುರುತಿಸಿದ ದಿಬ್ಬಕ್ಕೆ ಹೆಸರಿನ ಫಲಕ. ಯಾರೂ ಕೇಳದ ದಿಬ್ಬಗಳು ಸಮತಟ್ಟಾಗಿ ನಡಿಗೆಯ ಹಾದಿಯ ಕೆಳಗೆ. ಅಂದು ಹೆಸರು ಬರೆಸಲು ಕಡೆಯ ದಿನ. ಪೊದೆಗಳನ್ನು ಸವರಿದ ಜಾಗದಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಪಾಲಿಕೆಯ ಎಂಜಿನಿಯರ್ ದೀಪ್ತಿ.

ಮಧ್ಯಾಹ್ನ ಬಂದ ವೃದ್ಧೆ ಬೋರಮ್ಮ ಹುಣಸೆಮರದ ಎಡಗಡೆಯ ದಿಬ್ಬವನ್ನು ತೋರಿಸಿ, “ನಮ್ಮ ಯಜಮಾನ್ರು. ಮರಿಯಪ್ಪ ಅಂತ” ಎಂದರು.

ಪಟ್ಟಿಯನ್ನು ನೋಡಿ ಬೆರಗಾದೆ. ಅದೇ ದಿಬ್ಬಕ್ಕೆ ಸ್ವಲ್ಪ ಮುಂಚೆಯಷ್ಟೇ ಚಿಕ್ಕಹನುಮಯ್ಯ ಎಂಬ ಹೆಸರನ್ನು ಬರೆದುಕೊಂಡಿದ್ದೆ. ಬರೆಸಿದ ಅವರ ಹೆಂಡತಿ ಚಿಕ್ಕಗಂಗಮ್ಮ ಮರದ ನೆರಳಿನಲ್ಲಿ ಇನ್ನೂ ಕುಳಿತಿದ್ದರು. ಕರೆದು ವಿಷಯ ತಿಳಿಸಿದೆ.

ಬೋರಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅಮಾಸೆ ಅಮಾಸೆಗೆ ಕನಕಾಂಬರ ಇಟ್ಟು ಹೋಗ್ತಿದ್ದೋಳು ನೀನೇನಾ?”

“ಹೂಂ ಕಣಕ್ಕ. ಬೆಳಿಗ್ಗೆನೇ ಬಂದು ಹಂಗೇ ಗಾರ್ಮೆಂಟ್ಸ್‌ಗೆ ಹೋಗ್ತಿದ್ದೆ. ಸಂಜೆ ವಾಪಸ್ ಬರೋವಾಗ ಬಾಳೆಲೇಲಿ ಎಡೆ ಇರ್ತಿತ್ತು, ಇಡ್ತಿದ್ದೋರು ನೀವಾ? ಯಾರೋ ಪುಣ್ಯಾತ್ಮರು ಅಂದ್ಕೊಂಡಿದ್ದೆ.”

“ಪುಣ್ಯಾತ್ಮರಂತೆ! ನಮ್ಮೋರು ಇನ್ನೊಂದು ಮನೆ ಮಾಡಿದ್ರು ಅಂತ ನಾನು ಅಂದ್ಕೊಂಡಿದ್ದೆ. ಹನ್ನೆರಡು ವರ್ಷ ಇಲ್ಲೇ ಕೂತ್ಕೊಂಡು ಬೈದಿದೀನಿ, ‘ಯಾರವ್ಳು, ಬಾಯಿ ಬಿಡು’ ಅಂತ!”

ಚಿಕ್ಕಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಇಲ್ಲಿರೋದು ನಮ್ಮೋರಾದ್ರೆ ಬೈಸ್ಕೊಳ್ಳಿ ಬಿಡಕ್ಕ. ಇದ್ದಾಗ ನಾನು ಬೈದಿದ್ದು ಏನೇನೂ ಸಾಲ್ದು.”

ಇಬ್ಬರ ಮಾತೂ ಸುಳ್ಳಲ್ಲ. ಹನ್ನೆರಡು ವರ್ಷಗಳ ಹಿಂದೆ ಚರಂಡಿ ಅಗೆಯಲು ಬಂದ ಜೆಸಿಬಿಯೊಂದು ಗುರುತಿನ ಕಲ್ಲುಗಳನ್ನೆಲ್ಲ ಕಿತ್ತು ಮೂಲೆಗೆ ರಾಶಿ ಹಾಕಿತ್ತು. ಹುಣಸೆಮರದ ಎಡಗಡೆ ಎಂಬುದಷ್ಟೇ ಇಬ್ಬರ ನೆನಪಿನಲ್ಲೂ ಉಳಿದಿತ್ತು. ಅಲ್ಲಿ ಉಳಿದಿದ್ದುದೂ ಒಂದೇ ದಿಬ್ಬ. ಮುಂಜಾನೆ ಒಂದು ದನಿ, ನಡುಹಗಲಿಗೆ ಇನ್ನೊಂದು ದನಿ. ಮಣ್ಣಿನೊಳಗಿನವನಿಗೆ ಅವುಗಳಲ್ಲಿ ಅಪರಿಚಿತವಾದುದು ಯಾವುದಿದ್ದೀತು? ಹೇಳಬಲ್ಲವರು ಯಾರೂ ಇರಲಿಲ್ಲ.

“ಸಾರ್, ಒಂದು ದಿಬ್ಬಕ್ಕೆ ಒಂದೇ ಹೆಸರು. ಎರಡು ಹಾಕಿದ್ರೆ ಮೇಲಿನೋರು ಲಿಸ್ಟ್ ವಾಪಸ್ ಕಳಿಸ್ತಾರೆ” ಎಂದಳು ದೀಪ್ತಿ, ಮೆಲ್ಲಗೆ.

ಬೋರಮ್ಮನ ಮುಖದಲ್ಲಿ ಆಗತಾನೇ ಮೂಡಿದ್ದ ನಿರಾಳ ಕರಗಿತು. ಗಂಡನ ಮೇಲಿನ ಅನುಮಾನ ತೀರಿದ ಗಳಿಗೆಯಲ್ಲೇ ಗಂಡನೇ ಕಳೆದುಹೋಗಿದ್ದ. “ಇದು ಇವಳದ್ದಾದ್ರೆ ನಮ್ಮೋರು ಎಲ್ಲಿದಾರೆ?” ಎಂದು ನನ್ನನ್ನು ಕೇಳಿದರು.

ಚಿಕ್ಕಗಂಗಮ್ಮ ಮೇಜಿನ ಬಳಿಗೆ ಬಂದರು.

“ಅಕ್ಕನ ಯಜಮಾನ್ರ ಹೆಸರೇ ಬರ್ಕೊಳಿ ಸಾರ್. ಮಾಡದ ತಪ್ಪಿಗೆ ಹನ್ನೆರಡು ವರ್ಷ ಬೈಸಿಕೊಂಡಿದಾರೆ, ಪಾಪ. ಒಂದು ಬೋರ್ಡಾದ್ರೂ ಸಿಗಲಿ.”

“ನಿಮ್ಮವರಿಗೆ?”

“ನಮ್ಮೋರಿಗೆ ಓದೋಕ್ ಬರ್ತಿರ್ಲಿಲ್ಲ ಸಾರ್.”

ಚಿಕ್ಕಹನುಮಯ್ಯನ ಹೆಸರಿನ ಮೇಲೆ ಗೆರೆ ಎಳೆದೆ. ಮರಿಯಪ್ಪನೆಂದು ಬರೆದೆ. ಬೋರಮ್ಮ ಸಹಿ ಹಾಕಿದರು, ಆದರೆ ಹೊರಡಲಿಲ್ಲ.

“ಏನೇ, ನಿಮ್ಮೋರು ಬೀಡಿ ಸೇದ್ತಿದ್ರಾ?”

“ಬೀಡಿ ಇಲ್ಲಕ್ಕ. ನಶ್ಯ. ಯಾಕೆ?”

“ಬರೋ ಅಮಾಸೆಗೆ ತರ್ತೀನಿ. ಯಾವ ಅಂಗಡೀದು, ಅದನ್ನ ಹೇಳು ಮೊದಲು.”