ಒಂದು ಮೇಜಿಗೆ ಒಂದೇ ಡಬ್ಬಿ

"ಬಾಗಿಲು ತೆಗೀತೀಯೋ, ಇಲ್ಲ ಒದ್ದು ಒಳಗೆ ಬರ್ಲೋ?" ಸಿಲ್ವೀನೊ ಮತ್ತೆ ಬಾಗಿಲು ಬಡಿದ. "ಇನ್ನೇನು ನೆರೈದಾನ ಮಣ್ಣಿಗೆ ಎತ್ತುತಾರೆ. ಇಡೀ ಬೀದಿ ರಾತ್ರಿಯೆಲ್ಲ ಅವಳ ಪಕ್ಕ ಕೂತಿತ್ತು. ನೀನೊಬ್ಬನೇ ನಾಪತ್ತೆ."

"ಅವಳಿಗೂ ನನಗೂ ಮಾತಿಲ್ಲ," ಒಳಗಿನಿಂದ ಬಾಲ್ಡೊಮೆರೊ ಹೇಳಿದ.

"ಅವಳ ಜೊತೆ ಮಾತಾಡು ಅಂತ ಯಾರಂದ್ರು? ಅವಳ ಬಗ್ಗೆ ಮಾತಾಡ್ಬೇಕು. ಸ್ಮಶಾನದಲ್ಲಿ ಬೀಳ್ಕೊಡೋ ಮಾತು ನಿನ್ನದೇ ಆಗ್ಬೇಕಂತೆ. ಸಾಯೋ ಮುಂಚೆ ಮಗಳಿಗೆ ಹೇಳಿ ಹೋಗಿದಾಳೆ."

ಒಳಗೆ ಚಿಲಕ ತಡಕಾಡುವ ಸದ್ದಾಯಿತು. ಆಮೇಲೆ ಬಾಗಿಲು ತೆರೆಯಿತು. ಬಾಲ್ಡೊಮೆರೊ ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಹೊಡೆದ ಬಿಳಿ ಅಂಗಿ ತೊಟ್ಟು ನಿಂತಿದ್ದ. ಅಂಗಿಯ ಒಂದು ಗುಂಡಿಯನ್ನೂ ಹಾಕಿರಲಿಲ್ಲ. ಬೆಳಗಿನಿಂದ ಮುದುಕ ಅದೇ ಗುಂಡಿಗಳ ಜೊತೆ ಗುದ್ದಾಡುತ್ತಿದ್ದಾನೆಂದು ಯಾರಿಗಾದರೂ ಗೊತ್ತಾಗುವಂತಿತ್ತು.

"ಕೈ ಹೇಗಿದೆ?" ಸಿಲ್ವೀನೊ ಕೇಳಿದ.

"ಕೈಗೇನಾಗಿದೆ? ಚೆನ್ನಾಗೇ ಇದೆ. ಈ ದರ್ಜಿ ಗುಂಡಿ ದಪ್ಪ ಇಟ್ಟಿದಾನೆ."

ಸಿಲ್ವೀನೊ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಟ್ಟ. ಅವನ ಬೆರಳುಗಳು ಸಲೀಸಾಗಿ ಓಡಿದವು. ಬಾಲ್ಡೊಮೆರೊ ಆ ಬೆರಳುಗಳನ್ನು ನೋಡಬಾರದೆಂದು ಬೀದಿಯ ಕಡೆ ಮುಖ ತಿರುಗಿಸಿಕೊಂಡ.

*

ನೆರೈದಾ ನಮ್ಮ ಸಗುವಾ ಊರಿನ ಗಿಡಮೂಲಿಕೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಹಿತ್ತಿಲಲ್ಲಿ ಬೆಳೆಯುವ ಕೈಸಿಮೋನ್ ಗಿಡದ ಅಗಲ ಎಲೆಯನ್ನು ಬಿಸಿ ಮಾಡಿ ಊದಿದ ಕಡೆ ಕಟ್ಟುವುದು ನಮ್ಮ ಅಜ್ಜಿಯಂದಿರ ಕಾಲದ ಮದ್ದು. "ಅಜ್ಜಿ ಹೇಳಿದ್ಲು ಅಂದ್ರೆ ಸಾಕಾ? ಎಲೆ ಏನು ಹೇಳುತ್ತೆ ಕೇಳೋಣ," ಎಂದು ನೆರೈದಾ ಅದರ ಸಾರ ತೆಗೆದಳು. ಮೊದಲು ಇಲಿಗಳ ಸರದಿ. ಊದಿಸಿದ ಪಾದಕ್ಕೆ ಸಾರ ಹಚ್ಚಿ, ಪಾದವನ್ನು ನೀರಿನ ಕೊಳವೆಯಲ್ಲಿ ಅದ್ದಿ, ನೀರು ಎಷ್ಟು ಮೇಲೇರಿತೆಂದು ನೋಡುವಳು. ದಿನದಿನಕ್ಕೆ ಊತ ಇಳಿದು ನೀರು ಕಡಿಮೆ ಏರತೊಡಗಿದಾಗ ನಮ್ಮ ಬೀದಿಗೆ ಬಂದಳು. ಚುಕ್ಕೆಬಿಲ್ಲೆಗಳನ್ನು ಮೇಜಿಗೆ ಬಡಿದು ದೊಮಿನೊ ಆಡಿ ಆಡಿ ಗಂಟು ಊದಿಸಿಕೊಂಡ ಕೈಗಳಿಗೆ ಇಲ್ಲೇನೂ ಬರವಿರಲಿಲ್ಲ.

ಅರ್ಧ ಜನಕ್ಕೆ ಎಲೆಯ ಮುಲಾಮು, ಅರ್ಧ ಜನಕ್ಕೆ ಎಲೆಯಿಲ್ಲದ, ಹಂದಿಕೊಬ್ಬಿನ ಬರೀ ಮುಲಾಮು. ಎಲೆಗೆ ಸೋಂಪಿನ ವಾಸನೆ ಇರುವುದರಿಂದ ಬರೀ ಮುಲಾಮಿಗೂ ಸೋಂಪಿನ ಎಣ್ಣೆ ಬೆರೆಸಿದ್ದಳು. ಯಾರಿಗೆ ಯಾವುದೆಂದು ಹಚ್ಚುವವನಿಗೂ ಗೊತ್ತಿಲ್ಲ, ಅಳೆಯುವ ಅವಳಿಗೂ ಗೊತ್ತಿಲ್ಲ. ವರ್ಷ ಮುಗಿಯುವಾಗ ಎಲ್ಲರ ಕೈಯ ಊತವೂ ಒಂದಿಷ್ಟು ಇಳಿದಿತ್ತು. ಪ್ರಯೋಗಾಲಯದ ಡೈರೆಕ್ಟರು ರಾಜಧಾನಿಗೆ ವರದಿ ಕಳಿಸಲು ಕುಣಿಯುತ್ತಿದ್ದರು. ಅದೇ ವಾರ ನೆರೈದಾ ದೊಮಿನೊ ಮೇಜಿನ ಹತ್ತಿರ ನಿಂತು ನೋಡಿದಳು. ಬಾಲ್ಡೊಮೆರೊ ಸಿಲ್ವೀನೊನ ಡಬ್ಬಿಗೆ ಬೆರಳು ಅದ್ದುತ್ತಿದ್ದ.

"ಕೊಂಪಾದ್ರೆ, ಅದು ನಿಮ್ಮ ಡಬ್ಬೀನಾ?" ಮಗಳ ಧರ್ಮಪಿತನನ್ನು ಅವಳು ಕರೆಯುತ್ತಿದ್ದುದೇ ಹಾಗೆ.

"ಇವನದು. ನನ್ನದನ್ನ ಕ್ಷೌರದಂಗಡಿಯವನಿಗೆ ಕೊಟ್ಟೆ, ಪಾಪ, ಅವನದು ಮುಗಿದಿತ್ತು. ಸಿಲ್ವೀನೊ ಅರ್ಧ ಅವರತ್ತೆಗೆ ಕೊಟ್ಟಿದಾನೆ. ಯಾಕೆ, ತಪ್ಪಾಯ್ತಾ?"

ಕಾಫಿಪುಡಿಯಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲವನ್ನೂ ಕಡ ಕೊಟ್ಟು ಬದುಕುವ ಬೀದಿ ನಮ್ಮದು. ಮುಲಾಮೊಂದನ್ನು ಬಚ್ಚಿಟ್ಟುಕೊಳ್ಳಬೇಕೆಂದು ಯಾರ ತಲೆಗೂ ಹೊಳೆದಿರಲಿಲ್ಲ. ನೆರೈದಾ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು.

"ನಿಮಗಿಂತ ನನ್ನ ಇಲಿಗಳೇ ವಾಸಿ," ಎಂದಳು. "ಅವು ಕಡ ಕೊಡಲ್ಲ."

ಒಳ್ಳೆಯ ಫಲಿತಾಂಶವನ್ನು ಯಾರಾದರೂ ಕಸಕ್ಕೆ ಹಾಕುತ್ತಾರೆಯೇ ಎಂದು ಡೈರೆಕ್ಟರು ಗೋಗರೆದರು. ನೆರೈದಾ ಹಾಕಿದಳು. ಒಂದಿಡೀ ವರ್ಷದ ದುಡಿಮೆಯನ್ನು ಆ ಹೆಂಗಸು ಕಸಕ್ಕೆ ಹಾಕಿ, ಮೊದಲಿನಿಂದ ಶುರುಮಾಡಿದಳು.

*

ಶವ ಇಟ್ಟಿದ್ದ ಕೋಣೆಯಲ್ಲಿ ಕಾಫಿಯ ವಾಸನೆಗಿಂತ ಸೋಂಪಿನ ವಾಸನೆಯೇ ಜೋರಾಗಿತ್ತು. ನಮ್ಮ ಹೆಂಗಸರು ಹೂವಿನ ಜೊತೆ ಕೈಸಿಮೋನ್ ಎಲೆಗಳನ್ನೂ ಕಟ್ಟಿ ತಂದಿದ್ದರು. ಡೈರೆಕ್ಟರು ಕಿಟಕಿಯ ಬಳಿ ನಿಂತು ನೆರೈದಾಳ ಮಗಳು ಓಡಾಲಿಸ್‌ಗೆ ತಮ್ಮ ಭಾಷಣ ಕೇಳಿಸುತ್ತಿದ್ದರು.

"'ಇಡೀ ಪ್ರಾಂತ್ಯದ ಕೀಲುನೋವನ್ನು ಅಳಿಸಿದ ತಾಯಿ.' ಹೇಗಿದೆಯಮ್ಮಾ?"

"ಅಮ್ಮ ಪೆಟ್ಟಿಗೆಯಿಂದ ಎದ್ದು ಬರ್ತಾರೆ ಸಾರ್. ಆ ಮುಲಾಮು ಬೆರಳಿಗೆ ಮಾತ್ರ. ಮೊಣಕಾಲಿಗೆ ಉಪಯೋಗವಿಲ್ಲ ಅಂತ ಡಬ್ಬಿ ಮೇಲೇ ಅಚ್ಚು ಹಾಕಿಸಿದ್ರಲ್ಲ, ನಿಮ್ಮ ಜೊತೆ ಜಗಳ ಆಡಿ."

"ಸತ್ತವರಿಗೆ ಒಂದು ಮಾತು ಹೆಚ್ಚಿಗೆ ಹೇಳಿದ್ರೆ ಏನಾಗುತ್ತೆ?"

"ಬೇರೆಯವರಿಗೆ ಏನೂ ಆಗಲ್ಲ. ಅಮ್ಮಂಗೆ ಆಗುತ್ತೆ."

ಅಷ್ಟರಲ್ಲಿ ಬಾಲ್ಡೊಮೆರೊ ಒಳಗೆ ಬಂದ. ಓಡಾಲಿಸ್‌ಳಿಗೆ ಜ್ಞಾನಸ್ನಾನ ಮಾಡಿಸಿದಾಗ ಕೂಸನ್ನು ಎತ್ತಿಕೊಂಡವನು ಅವನೇ; ಆ ನಂಟಿನಿಂದ ಅವನು ಅವಳಿಗೆ ಪದ್ರೀನೊ, ನೆರೈದಾ ಅವನಿಗೆ ಕೊಮಾದ್ರೆ. ಅವಳು ಎದ್ದು ಹೋಗಿ ಅವನನ್ನು ತಬ್ಬಿಕೊಂಡಳು.

"ಬಂದ್ರಲ್ಲ, ಪದ್ರೀನೊ. ಬರಲ್ವೇನೋ ಅಂತ ಜೀವ ಹೊಡ್ಕೋತಿತ್ತು."

"ನಾನೇ ಯಾಕಂತೆ? ಅವಳನ್ನ ಹೊಗಳೋಕೆ ಊರೆಲ್ಲ ಇದೆಯಲ್ಲ."

"ಅದಕ್ಕೇ ಅಂತೆ. 'ಅವನಾದ್ರೆ ಸುಳ್ಳು ಹೊಗಳಲ್ಲ' ಅಂದ್ರು."

ಬಾಲ್ಡೊಮೆರೊ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೈಗಳನ್ನು ಕಂಕುಳಲ್ಲಿಟ್ಟು ಕೂತ. ಡೈರೆಕ್ಟರು ತಮ್ಮ ಭಾಷಣವನ್ನು ಮಡಿಸಿ ಜೇಬಿಗಿಟ್ಟರು.

*

ಎರಡನೇ ಸಲ ನೆರೈದಾ ನಮ್ಮನ್ನು ಚೆನ್ನಾಗಿ ಅರಿತೇ ಬಂದಳು. ಹಂಚಿಕೊಳ್ಳಬೇಡಿ ಎಂದರೆ ಈ ಜನ ಕೇಳುವುದಿಲ್ಲ. ಹಾಗಾಗಿ ಹಂಚಿಕೊಂಡರೂ ಕೆಡದ ಹಾಗೆ ಲೆಕ್ಕ ಕಟ್ಟಿದಳು. ಊರಿನಲ್ಲಿ ಎಷ್ಟು ದೊಮಿನೊ ಮೇಜುಗಳಿವೆಯೋ ಅಷ್ಟೂ ಮೇಜುಗಳಿಗೆ ಚೀಟಿ ಎತ್ತಿ, ಎಲೆಯದ್ದೋ ಬರೀ ಮುಲಾಮೋ, ಒಂದು ಮೇಜಿಗೆ ಒಂದೇ ಡಬ್ಬಿ ಇಟ್ಟಳು. ಆಡುವ ನಾಲ್ವರೂ ಅದರಿಂದಲೇ ಹಚ್ಚಬೇಕು. ಆಟಕ್ಕೆ ಮೇಜು ಬದಲಿಸಬಾರದು. ಬೇರೆ ಮೇಜಿನ ಡಬ್ಬಿ ಮುಟ್ಟಿದವನಿಗೆ ಊರಲ್ಲಿ ಯಾರೂ ಬಿಲ್ಲೆ ಕೊಡಕೂಡದು ಎಂದು ಆಣೆ ಹಾಕಿಸಿದಳು. ಆ ಆಣೆಗೆ ನಮ್ಮವರು ಹೆದರಿದರು. ಕ್ಷೌರದಂಗಡಿಯ ಮೇಜು ಸಿಲ್ವೀನೊಗೆ ಬಂತು, ಬಾದಾಮಿ ಮರದಡಿಯ ಮೇಜು ಬಾಲ್ಡೊಮೆರೊಗೆ. ಇಬ್ಬರೂ ಅಕ್ಕಪಕ್ಕದ ಮನೆಯವರಾಗಿಯೂ ವರ್ಷಪೂರ್ತಿ ದೂರ ದೂರ ಕೂತು ಆಡಿದರು.

ಫಲಿತಾಂಶ ಬಂದ ದಿನ ನೆರೈದಾ ಅದನ್ನು ಮೊದಲು ತಂದದ್ದು ಬೀದಿಗೇ. ಎಲೆ ಗೆದ್ದಿತ್ತು. ಕ್ಷೌರದಂಗಡಿ ಮೇಜಿನವರ ಬೆರಳು ಮಡಚುತ್ತಿದ್ದವು. ಬಾದಾಮಿ ಮರದ ಮೇಜಿಗೆ ಸಿಕ್ಕಿದ್ದು ಬರೀ ಮುಲಾಮು ಎಂದು ಅವಳು ಹೇಳುತ್ತಿದ್ದಂತೆ ಬೀದಿ ಬಿದ್ದು ಬಿದ್ದು ನಕ್ಕಿತು. ಬಾಲ್ಡೊಮೆರೊ ತನ್ನ ಕೈ ವಾಸಿಯಾಯಿತೆಂದು ವರ್ಷವಿಡೀ ಡಂಗುರ ಹೊಡೆದಿದ್ದನಲ್ಲ!

"ಹಂದಿಕೊಬ್ಬು ಹಚ್ಕೊಂಡು ಕುಣಿದ್ಯಲ್ಲೋ!" ಎಂದರು ಯಾರೋ. ಆ ಗಳಿಗೆಯಿಂದ ಅವನ ಹೆಸರು 'ಮಂತೇಕಾ' ಆಯಿತು, ಅಂದರೆ ಕೊಬ್ಬು.

"ನನ್ನ ಕೈ ವಾಸಿಯಾಗಿದೆ!" ಬಾಲ್ಡೊಮೆರೊ ಕೂಗಿದ. "ನನ್ನ ಕೈ ನನಗೆ ಗೊತ್ತಿಲ್ವಾ? ನಿನ್ನ ಅಳತೆ ಸುಳ್ಳು!"

"ಅಳತೆ ಸುಳ್ಳಲ್ಲ, ಕೊಂಪಾದ್ರೆ. ಬರೀ ಮುಲಾಮು ಹಚ್ಚಿದ ನಿಮ್ಮಂಥೋರು ಇಲ್ದಿದ್ರೆ ಎಲೆ ಗೆದ್ದಿದ್ದು ಗೊತ್ತೇ ಆಗ್ತಿರಲಿಲ್ಲ. ನಾಳೇನೇ ನಿಮಗೆ ಎಲೆಯದ್ದು ಕೊಡ್ತೀನಿ."

ಮರುದಿನ ಅವಳು ಡಬ್ಬಿಯನ್ನು ಅವನ ಹೊಸಿಲಿನ ಮೇಲಿಟ್ಟಳು. ಸಂಜೆಗೆ ಅದು ಅವಳ ಹೊಸಿಲಿನ ಮೇಲಿತ್ತು. ಅಲ್ಲಿಂದಾಚೆ ಪ್ರತಿ ಹೊಸ ವರ್ಷಕ್ಕೂ ಡಬ್ಬಿ ಬೀದಿ ದಾಟಿ ಹೋಗುವುದು, ಬೀದಿ ದಾಟಿ ಬರುವುದು. ಇಬ್ಬರೂ ಬಾಯಿ ಬಿಡಲಿಲ್ಲ. ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವಂಥವರು.

*

ಶವಗಾಡಿಯ ಹಿಂದೆ ನಾವೆಲ್ಲ ನಡೆದು ಹೋದೆವು. ಬಿಸಿಲು ಚುರುಗುಟ್ಟುತ್ತಿತ್ತು. ನಮ್ಮ ಊರಿನ ಡಬ್ಬಿ ಇವತ್ತು ದೇಶದ ಔಷಧಿ ಅಂಗಡಿಗಳಲ್ಲಿದೆ, ಅದನ್ನು ಅಳೆದು ತೂಗಿದವಳು ನಮ್ಮ ಬೀದಿಯವಳು ಎಂಬ ಹೆಮ್ಮೆಗೆ ಎಲ್ಲರ ಬೆನ್ನೂ ನೆಟ್ಟಗಿತ್ತು. ಅಳುವವರೂ ತಲೆಯೆತ್ತಿಕೊಂಡೇ ಅತ್ತರು.

ಪೆಟ್ಟಿಗೆ ಕೆಳಗಿಳಿಯಿತು. ಓಡಾಲಿಸ್ ಬಾಲ್ಡೊಮೆರೊನ ಕಡೆ ನೋಡಿದಳು. ಅವನು ಗುಂಡಿಯ ಅಂಚಿಗೆ ಬಂದು ಕೈಗಳನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡ. ಬೇಡ ಎಂದು ಹಿಂದೆ ಸರಿದುಬಿಡುತ್ತಾನೆಂದೇ ನಾವೆಲ್ಲ ಅಂದುಕೊಂಡೆವು.

"ಸಿಲ್ವೀನೊ, ಬಾರೋ ಇಲ್ಲಿ," ಎಂದ ಅವನು. "ಒಂದು ಹಿಡಿ ಮಣ್ಣು ತಗೋ."

ಸಿಲ್ವೀನೊ ತೆಗೆದುಕೊಂಡ.

"ಮುಷ್ಟಿ ಕಟ್ಟು. ಮೇಲೆತ್ತು. ಎಲ್ಲರಿಗೂ ಕಾಣ್ಲಿ."

ಸಿಲ್ವೀನೊನ ಮುಷ್ಟಿ ಭದ್ರವಾಗಿ ಮುಚ್ಚಿತ್ತು. ಒಂದು ಕಾಳು ಮಣ್ಣೂ ಉದುರಲಿಲ್ಲ.

"ಇದು ಎಲೆ," ಎಂದ ಬಾಲ್ಡೊಮೆರೊ.

ಆಮೇಲೆ ತಾನೇ ಬಗ್ಗಿ ಮಣ್ಣು ತೆಗೆದುಕೊಂಡು ಕೈ ಮೇಲೆತ್ತಿದ. ಊದಿದ ಗಂಟುಗಳ ಬೆರಳುಗಳು ಅರ್ಧಕ್ಕೇ ನಿಂತವು. ಅವನು ಹಲ್ಲು ಕಚ್ಚಿ ಒತ್ತಿದ, ಮುಚ್ಚಲಿಲ್ಲ. ಮಣ್ಣು ಬೆರಳ ಸಂದಿನಿಂದ ಸೋರಿ ಪೆಟ್ಟಿಗೆಯ ಮೇಲೆ ಸಣ್ಣಗೆ ಸದ್ದು ಮಾಡತೊಡಗಿತು.

"ಇದು ಬರೀ ಮುಲಾಮು," ಎಂದ. "ನಿನ್ನ ಅಳತೆ ಸರಿ ಇತ್ತು, ಕೊಮಾದ್ರೆ."

ಮಣ್ಣೆಲ್ಲ ಉದುರಿ ಮುಗಿದರೂ ಬಾಲ್ಡೊಮೆರೊ ಕೈ ಇಳಿಸಲಿಲ್ಲ. ಹಿಂದೆ ನಿಂತವರಿಗೂ ಕಾಣಲಿ ಎಂದು ತುದಿಗಾಲಲ್ಲಿ ನಿಂತು ಅದನ್ನು ಇನ್ನೂ ಮೇಲಕ್ಕೆ ಎತ್ತಿ ಹಿಡಿದ.