ಒರೆಸಿ ತರಬೇಡಿ

ನನ್ನ ಗಂಡನ ಅಂಗಡಿಯ ಬಾಗಿಲಲ್ಲಿ ಒಂದು ಬೋರ್ಡಿದೆ. ‘ಮೆಷಿನ್ ಒರೆಸಿ ತರಬೇಡಿ’ ಎಂದು ಕೆಂಪು ಅಕ್ಷರದಲ್ಲಿ ಅವರೇ ಬರೆದದ್ದು. ಹೊಲಿಗೆ ಮೆಷಿನ್ ರಿಪೇರಿ ಅವರ ಕಸುಬು. ಎಷ್ಟು ಬಡಿದುಕೊಂಡರೂ ಜನ ಕೆಟ್ಟ ಮೆಷಿನ್ನನ್ನು ತಿಕ್ಕಿ, ತೊಳೆದು, ಹೊಸ ಎಣ್ಣೆ ಹಾಕಿ ಸಿಂಗಾರ ಮಾಡಿಕೊಂಡೇ ತರುತ್ತಾರೆ. ಎಣ್ಣೆ ಎಲ್ಲಿ ಸೋರುತ್ತಿತ್ತು, ನೂಲಿನ ಧೂಳು ಎಲ್ಲಿ ಕಟ್ಟಿಕೊಂಡಿತ್ತು ಎನ್ನುವ ಗುರುತೆಲ್ಲ ಒರೆಸಿದ ಬಟ್ಟೆಯ ಜೊತೆಗೇ ಹೋಗಿರುತ್ತದೆ. ಆಮೇಲೆ ಬಂದು, “ಏನೂ ಆಗಿಲ್ಲ, ಸ್ವಲ್ಪ ಸದ್ದು ಮಾಡುತ್ತೆ ಅಷ್ಟೆ” ಎಂದು ಹಲ್ಲು ಕಿರಿಯುತ್ತಾರೆ. ನನ್ನ ಗಂಡ ಕನ್ನಡಕವನ್ನು ಹಣೆಗೇರಿಸಿ, “ಏನೂ ಆಗದೇ ಇದ್ರೆ ಇಲ್ಲಿಗ್ಯಾಕೆ ತಂದ್ರಿ ತಾಯಿ? ಮೆರವಣಿಗೆ ಮಾಡಿಸ್ಬೇಕಿತ್ತಾ?” ಎಂದು ಕೇಳುತ್ತಾರೆ. ಪಕ್ಕದ ಸ್ಟೂಲಿನಲ್ಲಿ ಕೂತು ರಸೀದಿ ಬರೆಯುವ ನಾನು ನಗುತ್ತೇನೆ. ನಗುವುದು ನನ್ನ ಹುಟ್ಟುಗುಣ.

ಇಂಥ ಮಹಾನುಭಾವರು ಹೋದ ವಾರ ಡಾಕ್ಟರ ತಪಾಸಣೆಗೆ ತಯಾರಾದರು.

ಅವರು ಡಾಕ್ಟರ ಮುಖ ನೋಡಿ ಹನ್ನೆರಡು ವರ್ಷವಾಗಿತ್ತು. ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಮೆಷಿನ್ ನೋಡಿಕೊಳ್ಳುತ್ತಿದ್ದಾಗ ವಿಮೆ ಇತ್ತು. ಕಾರ್ಖಾನೆ ಮುಚ್ಚಿತು, ವಿಮೆಯೂ ಹೋಯಿತು. ಅಲ್ಲಿಂದೀಚೆಗೆ ಔಷಧಿ ಅಂಗಡಿಯ ಕೌಂಟರಿನವನೇ ನಮ್ಮ ವೈದ್ಯ. ಹಲ್ಲು ನೋವಿಗೂ ಸೊಂಟ ನೋವಿಗೂ ಒಂದೇ ಹಳದಿ ಮಾತ್ರೆ ಕತ್ತರಿಸಿ ಕೊಡುವ ಪುಣ್ಯಾತ್ಮ. ಈ ವರ್ಷ ವ್ಯಾಪಾರಿಗಳ ಸಂಘದವರು ಎಲ್ಲರಿಗೂ ಸೇರಿಸಿ ವಿಮೆ ಮಾಡಿಸಿದರು. ಅಂಗೈಯಗಲದ ಕಾರ್ಡು ಬಂತು, ಅದರ ಜೊತೆಗೆ ಒಂದು ಪೂರ್ತಿ ತಪಾಸಣೆ ಉಚಿತ ಎಂಬ ಚೀಟಿ ಬಂತು.

ಪಕ್ಕದ ಫೋಟೊ ಫ್ರೇಮ್ ಅಂಗಡಿಯವನು ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ನಾನಿಟ್ಟ ಹೆಸರು ಬೃಹಸ್ಪತಿ. ಗೊತ್ತಿಲ್ಲದ ವಿಷಯವಿಲ್ಲ, ಗೊತ್ತಿರುವುದರಲ್ಲಿ ಒಂದೂ ಸರಿಯಿಲ್ಲ.

“ಮೊದಲನೇ ತಪಾಸಣೇಲಿ ಏನಾದ್ರೂ ಸಿಕ್ತು ಅನ್ನಿ, ಹಳೇ ಕಾಯಿಲೆ ಅಂತ ಬರೀತಾರೆ. ಅಲ್ಲಿಗೆ ಕಾರ್ಡು ಗೋವಿಂದ” ಎಂದ. “ಆಮೇಲೆ ಗೋಡೆಗೆ ನೇತು ಹಾಕ್ಕೊಳ್ಳಿ. ನಾನೇ ಫ್ರೇಮ್ ಹಾಕಿ ಕೊಡ್ತೀನಿ.”

ನನ್ನ ಗಂಡ ಅದನ್ನು ನಂಬಿದರು. ಹೆಂಡತಿ ಹೇಳಿದ್ದನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ನಂಬದ ಮನುಷ್ಯ, ಗಾಜು ಕತ್ತರಿಸುವವನ ಮಾತನ್ನು ತಲೆ ಮೇಲೆ ಹೊತ್ತುಕೊಂಡರು. ಸೋಮವಾರದಿಂದ ಉಪ್ಪು ಬಿಟ್ಟರು. ಕಾಫಿಗೆ ಸಕ್ಕರೆ ಬಿಟ್ಟರು. ಬೆಳಗ್ಗೆ ಎದ್ದು ಬೀದಿ ತುದಿಯ ನೀರಿನ ಟ್ಯಾಂಕಿನವರೆಗೆ ಬಿರಬಿರನೆ ನಡೆದು, ಏದುಸಿರು ಬಿಡುತ್ತ ಬಂದು, “ಎಷ್ಟು ಹಗುರ ಅನ್ಸುತ್ತೆ ಗೊತ್ತಾ?” ಎಂದರು. ಐವತ್ತಾರು ವರ್ಷದ ಮೈಗೆ ನಾಲ್ಕು ದಿನದಲ್ಲಿ ಸುಣ್ಣ ಬಳಿಯುವ ಕೆಲಸ. ಉಗುರಿನ ಸಂದಿಯ ಗ್ರೀಸನ್ನು ಸೀಮೆಎಣ್ಣೆ ಮತ್ತು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರು. ನಾನು ಬಾಗಿಲಿಗೆ ಒರಗಿ ನಿಂತು, “ಬೋರ್ಡು ಓದಿದೀರಾ?” ಎಂದೆ. ಕೇಳಿಸದವರ ಹಾಗೆ ತಿಕ್ಕುತ್ತಲೇ ಇದ್ದರು.

ಇಷ್ಟೆಲ್ಲ ಕಸರತ್ತು ಯಾಕೆಂದು ನನಗೆ ಗೊತ್ತಿತ್ತು. ಅವರಿಗೆ ಉಪ್ಪಿನ ಭಯವೂ ಇರಲಿಲ್ಲ, ಸಕ್ಕರೆಯ ಭಯವೂ ಇರಲಿಲ್ಲ. ಭಯವಿದ್ದದ್ದು ಬಲಗೈಯದು. ಎಂಟು ತಿಂಗಳಿಂದ ಅವರು ಅಂಗಿ ಬಿಟ್ಟು ಗುಂಡು ಕತ್ತಿನ ಬನಿಯನ್ ಹಾಕುತ್ತಿದ್ದರು. ಕೇಳಿದರೆ “ಸೆಖೆ” ಎನ್ನುತ್ತಿದ್ದರು. ಹಲ್ಲು ಕಟಕಟಿಸುವ ಚಳಿಯಲ್ಲೂ ಅವರಿಗೆ ಸೆಖೆ. ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸಿನಲ್ಲಿ ಎಳ್ಳಿನಷ್ಟು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ನನ್ನ ಕಡೆ ತಳ್ಳಿ, “ನಿನ್ನ ಕಣ್ಣು ಚುರುಕು, ನೀನೇ ಹಾಕು” ಎನ್ನುತ್ತಿದ್ದರು. ಸೂಜಿಗೆ ದಾರ ಪೋಣಿಸುವುದೂ ನನ್ನ ಪಾಲಿಗೆ ಬಂದಿತ್ತು. ಆ ಕೈ ಕೆಟ್ಟರೆ ಅಂಗಡಿಯಿಲ್ಲ, ಅಂಗಡಿಯಿಲ್ಲದಿದ್ದರೆ ನಾವಿಲ್ಲ. ಅಷ್ಟು ಗೊತ್ತಿದ್ದೂ ಡಾಕ್ಟರ ಮುಂದೆ ಬಾಯಿ ಬಿಡುವುದಿಲ್ಲ ಎಂದು ಈ ಮನುಷ್ಯ ಹಟ ಹಿಡಿದು ಕೂತಿದ್ದರು.

ಗುರುವಾರ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, “ನೀನು ಡಾಕ್ಟ್ರು ಅಂದ್ಕೊ. ಪ್ರಶ್ನೆ ಕೇಳು” ಎಂದರು.

ನಾನು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂತೆ. “ನಿದ್ದೆ?”

“ಚೆನ್ನಾಗಿದೆ.”

“ಹಸಿವು?”

“ಚೆನ್ನಾಗಿದೆ.”

“ಬೆಳಗ್ಗೆ ಕೈ ಜೋಮು ಹಿಡಿಯುತ್ತಾ?”

ಅವರು ಸ್ಕ್ರೂಡ್ರೈವರನ್ನು ಡಬ್ಬಿಗೆ ಎಸೆದರು. “ಡಾಕ್ಟ್ರು ಹಾಗೆಲ್ಲ ಕೇಳಲ್ಲ ಕಣೇ. ನಿಂಗೆ ತಮಾಷೆ.”

ತಮಾಷೆಯಾಗಿಯೇ ಇತ್ತು. ಬೃಹಸ್ಪತಿಗೂ ಹೇಳಿ ಇಬ್ಬರೂ ನಕ್ಕೆವು.

ಶುಕ್ರವಾರ ಬೆಳಗ್ಗೆ ಹೊಸ ಹುಚ್ಚು. ಬನಿಯನ್ನಿನಲ್ಲಿ ಹೋದರೆ ಡಾಕ್ಟರು ಕಾಯಿಲೆಯವನೆಂದುಕೊಳ್ಳುತ್ತಾರಂತೆ. ಟ್ರಂಕಿನ ತಳದಿಂದ ಬಿಳಿ ಅಂಗಿ ಹೊರಗೆ ಬಂತು. ನನ್ನ ತಂಗಿಯ ಮದುವೆಗೆ ಹೊಲಿದದ್ದು. ಏಳು ಸಣ್ಣ ಗುಂಡಿ, ಬಿಗಿ ಕಾಜ. ಅಂಗಿಯನ್ನು ಹೆಗಲಿಗೇರಿಸಿಕೊಂಡು ಕನ್ನಡಿಯ ಮುಂದೆ ನಿಂತರು, ನಿಂತೇ ಇದ್ದರು. ಬಸ್ಸಿನ ಹೊತ್ತಾಗುತ್ತಿತ್ತು. ನಾನೇ ಹೋಗಿ ಏಳೂ ಗುಂಡಿ ಹಾಕಿದೆ. ಅವರು ಸೂರು ನೋಡುತ್ತಿದ್ದರು, ನಾನು ಗುಂಡಿ ನೋಡುತ್ತಿದ್ದೆ. ಹಾಕಿ ಮುಗಿಸಿದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮೆಷಿನ್ ಒರೆಸಿಕೊಟ್ಟವಳು ನಾನೇ.

ಆಸ್ಪತ್ರೆಯಲ್ಲಿ ಬೆಂಚಿನ ತುಂಬ ನಮ್ಮಂಥವರೇ. ಎಲ್ಲರ ತಲೆಗೂ ಎಣ್ಣೆ, ಎಲ್ಲರದೂ ಇಸ್ತ್ರಿ ಬಟ್ಟೆ. ಒಬ್ಬ ಕೆಮ್ಮು ಬಂದಾಗಲೆಲ್ಲ ಆಚೆ ಹೋಗಿ ಕೆಮ್ಮಿ, ಮುಖ ಒರೆಸಿಕೊಂಡು ಒಳಗೆ ಬರುತ್ತಿದ್ದ. ಇಷ್ಟು ಆರೋಗ್ಯವಂತರನ್ನು ನಾನು ಒಂದೇ ಕಡೆ ಕಂಡಿರಲಿಲ್ಲ.

ಒಳಗಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರು. ಮುಖದಲ್ಲಿ ನಗುವಿಲ್ಲ, ಸಿಡುಕೂ ಇಲ್ಲ. “ಏನಾದ್ರೂ ತೊಂದರೆ ಇದೆಯಾ?”

“ಏನೂ ಇಲ್ಲ” ಎಂದರು ನನ್ನ ಗಂಡ. “ನಿದ್ದೆ ಚೆನ್ನಾಗಿದೆ. ಹಸಿವು ಚೆನ್ನಾಗಿದೆ.”

“ನಾನಿನ್ನೂ ಕೇಳ್ಲಿಲ್ಲ. ಅಂಗಿ ಬಿಚ್ಚಿ, ಎದೆ ನೋಡ್ಬೇಕು.”

ಅವರ ಬಲಗೈ ಕೊರಳ ಹತ್ತಿರ ಹೋಯಿತು. ಹೆಬ್ಬೆರಳು ಗುಂಡಿಯ ಮೇಲೆ ಜಾರಿತು, ಮತ್ತೆ ಹತ್ತಿತು, ಮತ್ತೆ ಜಾರಿತು. ಎಡಗೈಯನ್ನು ಸಹಾಯಕ್ಕೆ ತಂದರು. ಕಾಜ ಬಿಗಿಯಾಗಿತ್ತು, ನಾನೇ ಹೊಲಿದದ್ದು. ಒಂದು ಗುಂಡಿ ಬಿಚ್ಚುವಷ್ಟರಲ್ಲಿ ಹಣೆ ಬೆವೆತಿತ್ತು. ಅವರು ತಿರುಗಿ ನನ್ನ ಕಡೆ ನೋಡಿದರು. ಬೆಳಗಿನಂತೆ ನಾನು ಎದ್ದು ಬರುತ್ತೇನೆ ಎಂದುಕೊಂಡಿದ್ದರು. ನಾನು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಈ ತಿಂಗಳಲ್ಲಿ ಐದು ಶುಕ್ರವಾರಗಳಿದ್ದವು.

ಡಾಕ್ಟರು ಕೊರಳಲ್ಲಿದ್ದ ಸ್ಟೆತಾಸ್ಕೋಪನ್ನು ತೆಗೆದು ಮೇಜಿನ ಮೇಲಿಟ್ಟಳು. “ಅಂಗಿ ಇರ್ಲಿ. ಕೈ ಕೊಡಿ.”

ಅಂಗೈಯನ್ನು ಮೇಲೆ ಮಾಡಿ ಹೆಬ್ಬೆರಳಿನ ಬುಡವನ್ನು ಒತ್ತಿದಳು. ಎಡಗೈಯನ್ನು ಅದರ ಪಕ್ಕಕ್ಕಿಟ್ಟಳು. ಎಡಗೈಯಲ್ಲಿ ಉಬ್ಬಿದ್ದ ಜಾಗ ಬಲಗೈಯಲ್ಲಿ ತಗ್ಗಾಗಿತ್ತು. ಮಣಿಕಟ್ಟನ್ನು ಬೆರಳ ತುದಿಯಿಂದ ಬಡಿದಾಗ ಅವರು ಬೆಚ್ಚಿ ಬಿದ್ದರು.

“ಇಲ್ಲಿ ನರ ಒತ್ಕೊಂಡಿದೆ ಅನ್ಸುತ್ತೆ. ಇನ್ನೊಂದು ಪರೀಕ್ಷೆ ಮಾಡ್ಬೇಕು. ಎಷ್ಟು ದಿನದಿಂದ ಹೀಗೆ?”

“ಮೊನ್ನೆಯಿಂದ” ಎಂದರು.

ನನಗೆ ಮೈಯೆಲ್ಲ ಉರಿಯಿತು. “ಒರೆಸ್ಬೇಡಿ!” ಎಂದೆ. “ಮೊನ್ನೆ ಅಲ್ಲ ಡಾಕ್ಟ್ರೇ, ಎಂಟು ತಿಂಗಳು. ನಾನು ನೋಡ್ತಾನೇ ಇದೀನಿ. ಇವರ ಬಂಡವಾಳ ಎಲ್ಲ ನಂಗೆ ಗೊತ್ತು.”

ಗೆದ್ದವಳ ಹಾಗೆ ಕೂತೆ. ನನ್ನ ಗಂಡ ತಲೆ ಎತ್ತಲಿಲ್ಲ.

“ಎಂಟು ತಿಂಗಳಲ್ಲ” ಎಂದರು. “ಎರಡು ವರ್ಷ ದಾಟಿತು. ಮೊದ್ಲು ಬರೀ ಜೋಮು ಬರ್ತಿತ್ತು. ಒಂದಿನ ಕಾಫಿ ಲೋಟ ಕೈ ಜಾರಿ ಬಿತ್ತು. ಆವತ್ತಿಂದ ಎಡಗೈ ಅಭ್ಯಾಸ ಮಾಡ್ಕೊಂಡೆ.”

ಆ ಲೋಟ ನನಗೆ ಚೆನ್ನಾಗಿ ನೆನಪಿತ್ತು. ಅವತ್ತು ನಾನು, ‘ಮುದುಕಪ್ಪನಿಗೆ ನಾಳೆಯಿಂದ ಹಾಲಿನ ಬಾಟ್ಲಿ ತರ್ಬೇಕು’ ಎಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕಿದ್ದೆ. ಬೃಹಸ್ಪತಿ ಅದನ್ನು ಒಂದು ತಿಂಗಳು ಆಡಿಕೊಂಡಿದ್ದ.

“ಮನೇಲಿ ಯಾಕೆ ಹೇಳ್ಲಿಲ್ಲ?” ಡಾಕ್ಟರು ಕೇಳಿದಳು.

ಅವರು ಕಣ್ಣಂಚಿನಲ್ಲಿ ನನ್ನತ್ತ ನೋಡಿದರು. “ಹೇಳಿದ್ರೆ ಇವಳು ನಗ್ತಾಳೆ.”

ದೂರಿನ ದನಿಯಲ್ಲ. ಸೆಖೆ ಎಂದು ಹೇಳುತ್ತಿದ್ದ ದನಿಯಲ್ಲೇ ಹೇಳಿದರು. ಡಾಕ್ಟರು ನನ್ನನ್ನು ನೋಡಿದಳು. ಆ ನೋಟದ ಗುರುತು ನನಗಿತ್ತು. ಒರೆಸಿದ ಮೆಷಿನ್ ಹೊತ್ತು ತಂದವರನ್ನು ನನ್ನ ಗಂಡ ನೋಡುವುದೂ ಹೀಗೆಯೇ.

“ಒಂದು ವರ್ಷ ಮೊದ್ಲು ಬಂದಿದ್ರೆ ಈ ಮಾಂಸ ಇಳೀತಿರ್ಲಿಲ್ಲ” ಎಂದು ಬರೆಯತೊಡಗಿದಳು. “ಬಹುಶಃ ಸಣ್ಣ ಆಪರೇಷನ್ ಬೇಕಾಗುತ್ತೆ. ಜೋಮು ಹೋಗ್ಬಹುದು. ಶಕ್ತಿ ಎಷ್ಟು ವಾಪಸ್ ಬರುತ್ತೋ ಹೇಳಕ್ಕಾಗಲ್ಲ.”

“ಸ್ಕ್ರೂ ಹಿಡಿಯಕ್ಕಾಗುತ್ತಾ?”

“ಹೇಳಕ್ಕಾಗಲ್ಲ.”

ಕಾರ್ಡಿನ ಮಾತನ್ನು ಅವರು ಎತ್ತಲೇ ಇಲ್ಲ. ಚೀಟಿ ತೆಗೆದುಕೊಂಡು ಹೊರಗೆ ಬಂದೆವು. ಬೆಂಚಿನವರೆಲ್ಲ ಇವರ ಅಂಗಿಯ ಬಿಚ್ಚಿದ ಕೊರಳನ್ನೇ ನೋಡುತ್ತಿದ್ದರು. ಇವರು ನಡುದಾರಿಯಲ್ಲಿ ನಿಂತು ಆ ಒಂದು ಗುಂಡಿಯನ್ನು ಹಾಕಿಕೊಳ್ಳಲು ಶುರು ಮಾಡಿದರು. ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು.

ನಾನು ಕೈ ಚಾಚಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, ನಗುತ್ತಿದ್ದೀನಾ ಎಂದು ನನ್ನ ಮುಖ ನೋಡಿದರು.